ಮನಸ್ಸಿನ ಏರಿಳಿತಕ್ಕೆ ದೇಹವೇ ಸಾಕ್ಷಿ

(ಕುಟುಂಬ ಆರೋಗ್ಯದ ಕುರಿತಾದ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ನಮ್ಮ ಮನೆಗಳಲ್ಲಿ ಸಕ್ಕರೆ ಕಾಯಿಲೆ ಇರುವವರು ಅದನ್ನು ಮುಚ್ಚಿಡುವುದಿಲ್ಲ. ಮದುವೆಯ ಊಟಕ್ಕೆ ಕುಳಿತಾಗ "ನನಗೆ ಶುಗರ್ ಇದೆ, ಸಿಹಿ ಬೇಡ" ಎಂದು ಎಲ್ಲರೆದುರೇ ಹೇಳುತ್ತಾರೆ. ಹೃದಯದ ಶಸ್ತ್ರಚಿಕಿತ್ಸೆ ಆದವರನ್ನು ನೋಡಲು ಬಂಧುಗಳು ಹಣ್ಣು ಹಂಪಲು ಹಿಡಿದು ಬರುತ್ತಾರೆ. ಆದರೆ ಮನಸ್ಸಿನ ಕಾಯಿಲೆಯೆಂದರೆ ಅದೇ ಮನೆಯ ಬಾಗಿಲುಗಳು ಮುಚ್ಚಿಕೊಳ್ಳುತ್ತವೆ. ವೈದ್ಯರ ಚೀಟಿ ಕಪಾಟಿನ ಬಟ್ಟೆಗಳ ಅಡಿ ಸೇರುತ್ತದೆ. ಮಾತ್ರೆಯನ್ನು ಬೇರೆ ಊರಿನ ಅಂಗಡಿಯಿಂದ ತರಿಸಲಾಗುತ್ತದೆ. ಮಗಳ ಸಂಬಂಧ ತಪ್ಪೀತೆಂಬ ಭಯದಿಂದ ಮಗನ ಚಿಕಿತ್ಸೆ ನಿಲ್ಲುತ್ತದೆ.

ಯಾಕೆ ಹೀಗೆ? ಸಕ್ಕರೆ ಕಾಯಿಲೆ ದೇಹದ್ದು, ಮನಸ್ಸಿನ ಕಾಯಿಲೆ ನಡತೆಯದ್ದು ಎಂಬ ನಂಬಿಕೆ ನಮ್ಮೊಳಗೆ ಬೇರೂರಿದೆ. ಆ ನಂಬಿಕೆ ಎಷ್ಟು ಸುಳ್ಳು ಎಂಬುದನ್ನು ಒಂದು ಕಾಯಿಲೆಯನ್ನು ಮುಂದಿಟ್ಟುಕೊಂಡು ಇಂದು ವಿವರಿಸಬೇಕೆಂದಿದ್ದೇವೆ. ಅದುವೇ ಬೈಪೋಲಾರ್ ಡಿಸಾರ್ಡರ್. ಕನ್ನಡದ ವೈದ್ಯಕೀಯ ಬರಹಗಳಲ್ಲಿ ಇದನ್ನು ಉನ್ಮಾದ-ಖಿನ್ನತೆಯ ಕಾಯಿಲೆ ಎನ್ನುವುದುಂಟು. ನಾವು ವೈದ್ಯರಲ್ಲ. ಮದ್ರಸದಲ್ಲಿ ಕಲಿತು, ಬಳಿಕ ಕಾಲೇಜಿನಲ್ಲಿ ಕಲಾ ಪದವಿ ಪಡೆದು, ಪತ್ರಿಕೆಯ ಮೇಜಿಗೆ ಬಂದವರು. ಆದ್ದರಿಂದ ಇಲ್ಲಿ ಚಿಕಿತ್ಸೆಯ ಸಲಹೆ ನೀಡುವ ಅಧಿಕಾರ ನಮಗಿಲ್ಲ. ವೈದ್ಯವಿಜ್ಞಾನ ಕಂಡುಕೊಂಡದ್ದನ್ನು ಮನೆಮಂದಿಗೆ ತಿಳಿಯುವ ಭಾಷೆಯಲ್ಲಿ ಇಡುವುದಷ್ಟೇ ನಮ್ಮ ಕೆಲಸ.

ಎರಡು ಧ್ರುವಗಳ ನಡುವೆ

ಸಂತೋಷ, ದುಃಖ, ಕೋಪ, ಭಯ ಇಲ್ಲದ ಮನುಷ್ಯನಿಲ್ಲ. ಬೆಳಿಗ್ಗೆ ಬೇಸರವಾಗಿದ್ದವನು ಸಂಜೆ ನಗುತ್ತಾನೆ. ಇದು ಕಾಯಿಲೆಯಲ್ಲ. ಬೈಪೋಲಾರ್ ಕಾಯಿಲೆಯಲ್ಲಿ ಮನಃಸ್ಥಿತಿಯು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಒಂದು ತುದಿಯಲ್ಲಿ ನಿಂತುಬಿಡುತ್ತದೆ. ಮೇಲಿನ ತುದಿಯನ್ನು ಉನ್ಮಾದ ಅಥವಾ ಮೇನಿಯಾ ಎನ್ನುತ್ತಾರೆ. ಕೆಳಗಿನ ತುದಿಯೇ ಖಿನ್ನತೆ. ಉನ್ಮಾದವೆಂದು ಗುರುತಿಸಲು ಲಕ್ಷಣಗಳು ಕನಿಷ್ಠ ಒಂದು ವಾರ, ಖಿನ್ನತೆಯೆಂದು ಗುರುತಿಸಲು ಕನಿಷ್ಠ ಎರಡು ವಾರ ಇರಬೇಕೆಂಬುದು ವೈದ್ಯರ ಸಾಮಾನ್ಯ ಮಾನದಂಡ. ಉನ್ಮಾದ ತೀವ್ರವಾಗಿದ್ದು ಆಸ್ಪತ್ರೆಗೆ ಸೇರಿಸಬೇಕಾಗಿ ಬಂದರೆ ಒಂದು ವಾರ ಕಾಯಬೇಕಾಗಿಲ್ಲ. ಎರಡು ತುದಿಗಳ ನಡುವೆ ರೋಗಿಯು ತಿಂಗಳುಗಟ್ಟಲೆ, ವರ್ಷಗಟ್ಟಲೆ ಎಲ್ಲರಂತೆಯೇ ಇರಬಲ್ಲನು. ಅಂಗಡಿ ನಡೆಸಬಲ್ಲನು, ಪಾಠ ಮಾಡಬಲ್ಲನು, ಸಂಸಾರ ಸಾಗಿಸಬಲ್ಲನು.

ಜಗತ್ತಿನಲ್ಲಿ 2019ರಲ್ಲಿ ಸುಮಾರು 4 ಕೋಟಿ ಮಂದಿ ಈ ಕಾಯಿಲೆಯೊಂದಿಗೆ ಬದುಕುತ್ತಿದ್ದರೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಇದಕ್ಕೆ ಜಾತಿ ಮತದ ಭೇದವಿಲ್ಲ, ಬಡವ ಬಲ್ಲಿದರೆಂಬ ಭೇದವಿಲ್ಲ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಮನೋರೋಗಶಾಸ್ತ್ರದ ಪ್ರಾಧ್ಯಾಪಕಿಯಾಗಿದ್ದ ಕೇ ರೆಡ್‌ಫೀಲ್ಡ್ ಜಾಮಿಸನ್ ಇದೇ ಕಾಯಿಲೆಯ ಬಗ್ಗೆ ಪಠ್ಯಗಳನ್ನು ಬರೆದವರು. ತಾನೂ ಅದೇ ಕಾಯಿಲೆಯ ರೋಗಿಯೆಂದು ಅವರು 1995ರಲ್ಲಿ ಪ್ರಕಟಿಸಿದ ಆತ್ಮಕಥನದಲ್ಲಿ ಬಹಿರಂಗಪಡಿಸಿದರು. ಕಾಯಿಲೆಯ ಶಾಸ್ತ್ರವನ್ನೇ ಬಲ್ಲವರನ್ನೂ ಈ ಕಾಯಿಲೆ ಬಿಡುವುದಿಲ್ಲವೆಂದಾದರೆ, ಇದನ್ನು ಅಜ್ಞಾನದ ಅಥವಾ ದುರ್ಬಲ ವಿಶ್ವಾಸದ ಫಲವೆಂದು ಹೇಳುವುದು ಎಷ್ಟು ಸರಿ?

ಭಾವನೆಗೆ ದೇಹ ಹೇಗೆ ಸ್ಪಂದಿಸುತ್ತದೆ?

ಮೊದಲು ಆರೋಗ್ಯವಂತನ ದೇಹದಲ್ಲಿ ಏನಾಗುತ್ತದೆಂದು ನೋಡೋಣ. ರಸ್ತೆ ದಾಟುವಾಗ ಒಮ್ಮೆಲೆ ಬಸ್ಸೊಂದು ಎದುರಾಯಿತೆನ್ನಿ. ಎದೆ ಡವಗುಟ್ಟುತ್ತದೆ, ಅಂಗೈ ಬೆವರುತ್ತದೆ, ಬಾಯಿ ಒಣಗುತ್ತದೆ, ಸ್ನಾಯುಗಳು ಬಿಗಿಯುತ್ತವೆ. ಇದಾವುದನ್ನೂ ನಾವು ಆಜ್ಞಾಪಿಸಿ ಮಾಡಿಸಿದ್ದಲ್ಲ. ನಮ್ಮ ಇಚ್ಛೆಗೆ ಕಾಯದೆ ಕೆಲಸ ಮಾಡುವ ಒಂದು ನರಮಂಡಲ ದೇಹದೊಳಗಿದೆ. ಅದರ ಒಂದು ಶಾಖೆ ಸಿಂಪಥೆಟಿಕ್. ಇದು ವಾಹನದ ಆಕ್ಸಿಲರೇಟರಿನಂತೆ. ಇನ್ನೊಂದು ಪ್ಯಾರಾಸಿಂಪಥೆಟಿಕ್. ಇದು ಬ್ರೇಕಿನಂತೆ. ಈ ಬ್ರೇಕಿನ ಮುಖ್ಯ ತಂತಿಯೇ ಮೆದುಳಿನ ಬುಡದಿಂದ ಹೃದಯ ಮತ್ತು ಹೊಟ್ಟೆಯವರೆಗೆ ಇಳಿಯುವ ವೇಗಸ್ ನರ. ಅಪಾಯ ಕಂಡಾಗ ಮೂತ್ರಪಿಂಡಗಳ ಮೇಲಿರುವ ಗ್ರಂಥಿಗಳು ಅಡ್ರಿನಲಿನ್ ಮತ್ತು ಕಾರ್ಟಿಸಾಲ್ ಎಂಬ ರಸಗಳನ್ನು ರಕ್ತಕ್ಕೆ ಬಿಡುತ್ತವೆ. ಬಸ್ಸು ದಾಟಿ ಹೋಯಿತು, ಸ್ವಲ್ಪ ಹೊತ್ತಿನಲ್ಲಿ ಬ್ರೇಕು ಬಿದ್ದು ಎದೆ ಬಡಿತ ಹದಕ್ಕೆ ಬರುತ್ತದೆ. ಅಮೆರಿಕದ ಶರೀರಶಾಸ್ತ್ರಜ್ಞ ವಾಲ್ಟರ್ ಕ್ಯಾನನ್ ನೋವು, ಹಸಿವು, ಭಯ ಮತ್ತು ಕ್ರೋಧಗಳ ವೇಳೆ ದೇಹದಲ್ಲಾಗುವ ಬದಲಾವಣೆಗಳ ಕುರಿತು 1915ರಲ್ಲಿಯೇ ಗ್ರಂಥ ರಚಿಸಿದ್ದರು.

ಆದರೆ ಈ ಅರಿವಿನ ಬೇರು ಇನ್ನೂ ಹಳೆಯದು. ಕ್ರಿ.ಶ. 934ರಲ್ಲಿ ನಿಧನರಾದ ಅಬೂ ಝೈದ್ ಅಲ್ ಬಲ್ಖೀ ಎಂಬ ವಿದ್ವಾಂಸರು ದೇಹದ ಆರೋಗ್ಯ ಮತ್ತು ಮನಸ್ಸಿನ ಆರೋಗ್ಯಗಳನ್ನು ಒಂದೇ ಗ್ರಂಥದಲ್ಲಿ ಜೊತೆಯಾಗಿ ಚರ್ಚಿಸಿದರು. ಒಂದು ಕೆಟ್ಟರೆ ಇನ್ನೊಂದೂ ಕೆಡುತ್ತದೆಂದು ವಾದಿಸಿದರು. 980ರಿಂದ 1037ರವರೆಗೆ ಬದುಕಿದ್ದ ಇಬ್ನು ಸೀನಾ ತಮ್ಮ ವೈದ್ಯಗ್ರಂಥವಾದ ಅಲ್ ಕಾನೂನ್‌ನಲ್ಲಿ, ಪ್ರೇಮದ ಕೊರಗನ್ನು ಬಾಯಿಬಿಟ್ಟು ಹೇಳದ ರೋಗಿಯ ನಾಡಿ ಹಿಡಿದು ಹೆಸರುಗಳನ್ನು ಒಂದೊಂದಾಗಿ ಉಚ್ಚರಿಸುವ ವಿಧಾನವನ್ನು ವಿವರಿಸಿದ್ದಾರೆ. ಯಾವ ಹೆಸರಿಗೆ ನಾಡಿ ತಪ್ಪುತ್ತದೋ ಅಲ್ಲಿ ಕೊರಗಿನ ಮೂಲವಿದೆ. ನಾಲಿಗೆ ಮುಚ್ಚಿಟ್ಟದ್ದನ್ನು ನಾಡಿ ಹೇಳಿತು! ಈ ವೈದ್ಯರ ಹೆಸರನ್ನು ವೇದಿಕೆಗಳಲ್ಲಿ ಹೆಮ್ಮೆಯಿಂದ ಹೇಳುವ ನಾವು, ಮನೆಯಲ್ಲಿ ಮನಸ್ಸಿನ ಕಾಯಿಲೆ ಕಾಣಿಸಿಕೊಂಡಾಗ ಅವರ ದಾರಿಯನ್ನು ಬಿಟ್ಟು ತಾಯಿತದ ಅಂಗಡಿಗೆ ಓಡುವುದು ವಿಪರ್ಯಾಸವಲ್ಲವೇ?

ಆಕ್ಸಿಲರೇಟರು ಸಿಕ್ಕಿಕೊಂಡಾಗ

ಬೈಪೋಲಾರ್ ಕಾಯಿಲೆಯಲ್ಲಿ ಈ ವ್ಯವಸ್ಥೆಯ ಹದ ತಪ್ಪುತ್ತದೆ. ಉನ್ಮಾದದ ಹೊತ್ತಿನಲ್ಲಿ ವ್ಯಕ್ತಿಗೆ ಎರಡು ಮೂರು ಗಂಟೆಗಳ ನಿದ್ದೆ ಸಾಕೆನಿಸುತ್ತದೆ. ಮರುದಿನ ದಣಿವೇ ಇರುವುದಿಲ್ಲ. ಇದನ್ನು ಗಮನಿಸಬೇಕು. ಚಿಂತೆಯಿಂದ ನಿದ್ದೆಗೆಟ್ಟವನು ಹಗಲಿಡೀ ಬಳಲುತ್ತಾನೆ. ಉನ್ಮಾದದವನು ಬಳಲುವುದಿಲ್ಲ. ಮಾತು ವೇಗವಾಗುತ್ತದೆ, ಒಂದು ವಿಷಯ ಮುಗಿಯುವ ಮೊದಲೇ ಇನ್ನೊಂದು ನುಗ್ಗುತ್ತದೆ. ಊಟದ ನೆನಪಿರುವುದಿಲ್ಲ. ಕೈಕಾಲು ಸುಮ್ಮನಿರುವುದಿಲ್ಲ. ಹಣ ನೀರಿನಂತೆ ಖರ್ಚಾಗುತ್ತದೆ. ಒಂದೇ ದಿನದಲ್ಲಿ ಮೂರು ವ್ಯಾಪಾರದ ಯೋಜನೆಗಳು ಹುಟ್ಟುತ್ತವೆ. ಯಾರಾದರೂ ತಡೆದರೆ ಸಂತೋಷವು ಕ್ಷಣದಲ್ಲಿ ಕೋಪವಾಗಿ ಸಿಡಿಯುತ್ತದೆ.

ಮೆದುಳಿನ ಚಿತ್ರಣಗಳನ್ನು ತೆಗೆದ ಸಂಶೋಧಕರು ಎರಡು ಸಂಗತಿಗಳನ್ನು ಮತ್ತೆ ಮತ್ತೆ ಕಂಡಿದ್ದಾರೆ. ಭಾವನೆಗಳ ಎಚ್ಚರಗಂಟೆಯಂತಿರುವ ಅಮಿಗ್ಡಲಾ ಎಂಬ ಭಾಗ ಮತ್ತು ಬಹುಮಾನದ ಆಸೆಗೆ ಸ್ಪಂದಿಸುವ ಭಾಗಗಳು ಹೆಚ್ಚು ಚುರುಕಾಗಿರುತ್ತವೆ. ಅವನ್ನು ಹದದಲ್ಲಿಡಬೇಕಾದ ಹಣೆಯ ಹಿಂದಿನ ಭಾಗದ ಹಿಡಿತ ಸಡಿಲಾಗಿರುತ್ತದೆ. ಆದ್ದರಿಂದ ಉನ್ಮಾದದಲ್ಲಿರುವವನಿಗೆ "ಸ್ವಲ್ಪ ಬುದ್ಧಿ ಉಪಯೋಗಿಸು" ಎನ್ನುವುದು, ಬ್ರೇಕು ಕಳಚಿದ ಬಸ್ಸಿನ ಚಾಲಕನಿಗೆ ನಿಧಾನವಾಗಿ ಹೋಗೆಂದು ಹೇಳಿದಂತೆ.

ಇಲ್ಲೊಂದು ಕುತೂಹಲಕರ ಅಧ್ಯಯನವನ್ನು ಉಲ್ಲೇಖಿಸಬೇಕು. ಮನೋವಿಜ್ಞಾನಿ ಜೂನ್ ಗ್ರೂಬರ್ ಮತ್ತು ಸಂಗಡಿಗರು ಉನ್ಮಾದದ ಅಪಾಯ ಹೆಚ್ಚಿರುವ ಮತ್ತು ಕಡಿಮೆಯಿರುವ ಕಾಲೇಜು ವಿದ್ಯಾರ್ಥಿಗಳಿಗೆ ಮೂರು ಬಗೆಯ ಚಿತ್ರತುಣುಕುಗಳನ್ನು ತೋರಿಸಿದರು. ಒಂದು ಸಂತೋಷದ್ದು, ಒಂದು ದುಃಖದಂಥ ನೋವಿನ ಭಾವದ್ದು, ಒಂದು ಯಾವ ಭಾವವನ್ನೂ ಕೆರಳಿಸದಂಥದ್ದು. ಫಲಿತಾಂಶ 2008ರಲ್ಲಿ ಪ್ರಕಟವಾಯಿತು. ಅಪಾಯ ಹೆಚ್ಚಿದ್ದವರು ಮೂರನ್ನೂ ನೋಡುವಾಗ ಇತರರಿಗಿಂತ ಹೆಚ್ಚು ಹರ್ಷವನ್ನು ಅನುಭವಿಸಿದ್ದರು. ಹೃದಯದ ಮೇಲೆ ವೇಗಸ್ ನರದ ಪ್ರಭಾವವನ್ನು ತೋರಿಸುವ ಅಳತೆಯೂ ಮೂರರಲ್ಲಿಯೂ ಎತ್ತರದಲ್ಲಿತ್ತು. ಅಂದರೆ ಇಲ್ಲಿ ಸಮಸ್ಯೆ ಸಂತೋಷ ಪಡುವುದರಲ್ಲಿಲ್ಲ. ಸಂದರ್ಭ ಬದಲಾದರೂ ಹರ್ಷ ಇಳಿಯದಿರುವುದರಲ್ಲಿದೆ. ಮರಣದ ಮನೆಯಲ್ಲಿ ನಗುವ ಮಗನನ್ನು ಕಂಡು "ಹೃದಯವೇ ಇಲ್ಲದವನು" ಎನ್ನುವ ಬಂಧುಗಳು ಇದನ್ನು ಅರಿತಿರಬೇಕು.

ಬ್ರೇಕು ಬಿಗಿದು ನಿಂತಾಗ

ಖಿನ್ನತೆಯಲ್ಲಿ ಇದಕ್ಕೆ ವ್ಯತಿರಿಕ್ತ. ಕಾಲಿಗೆ ಕಲ್ಲು ಕಟ್ಟಿದಂತೆ ನಡಿಗೆ ನಿಧಾನವಾಗುತ್ತದೆ. ಪ್ರಶ್ನೆ ಕೇಳಿದರೆ ಉತ್ತರ ತಡವಾಗಿ, ತಗ್ಗಿದ ಸ್ವರದಲ್ಲಿ ಬರುತ್ತದೆ. ಕೆಲವರಿಗೆ ನಿದ್ದೆಯೇ ಇಲ್ಲ, ಕೆಲವರಿಗೆ ಹಗಲಿರುಳೂ ನಿದ್ದೆ. ಹಸಿವು ಕೆಡುತ್ತದೆ, ಮಲಬದ್ಧತೆ ಕಾಡುತ್ತದೆ, ಮೈಕೈ ನೋಯುತ್ತದೆ. ಚರ್ಮದ ಸೂಕ್ಷ್ಮ ಬೆವರಿನಿಂದ ಭಾವನೆಯ ಪ್ರತಿಕ್ರಿಯೆಯನ್ನು ಅಳೆಯುವ ಉಪಕರಣವಿದೆ. ಖಿನ್ನರಾದವರಲ್ಲಿ ಆ ಪ್ರತಿಕ್ರಿಯೆ ಮಂದವಾಗಿರುವುದನ್ನು ಹಲವು ಅಧ್ಯಯನಗಳು ತೋರಿಸಿವೆ. "ನನಗೆ ಅಳಲೂ ಆಗುತ್ತಿಲ್ಲ" ಎಂದು ರೋಗಿ ಹೇಳುವುದು ನಾಟಕವಲ್ಲ. ಭಾವನೆಗೆ ಸ್ಪಂದಿಸುವ ಶಕ್ತಿಯನ್ನೇ ದೇಹ ಕಳೆದುಕೊಂಡಿರುತ್ತದೆ.

ಇನ್ನು ಕೆಲವರಲ್ಲಿ ಎರಡೂ ತುದಿಗಳು ಒಟ್ಟಿಗೇ ಬರುತ್ತವೆ. ಮನಸ್ಸು ಕತ್ತಲಲ್ಲಿ, ದೇಹ ಮಾತ್ರ ಓಟದಲ್ಲಿ. ಇದನ್ನು ಮಿಶ್ರ ಸ್ಥಿತಿ ಎನ್ನುತ್ತಾರೆ. ಸಾಯುವ ಯೋಚನೆಯೂ ಅದನ್ನು ಕಾರ್ಯಗತಗೊಳಿಸುವ ಚುರುಕೂ ಒಟ್ಟಾಗುವುದರಿಂದ ಇದು ಅತ್ಯಂತ ಅಪಾಯಕಾರಿ ಹೊತ್ತು.

ಕಾಯಿಲೆ ಶಮನಗೊಂಡಿರುವಾಗಲೂ ದೇಹ ಪೂರ್ತಿಯಾಗಿ ವಿಶ್ರಾಂತಿಗೆ ಮರಳುವುದಿಲ್ಲ. ನಮ್ಮ ಹೃದಯವು ಗಡಿಯಾರದಂತೆ ಒಂದೇ ಲಯದಲ್ಲಿ ಬಡಿಯುವುದಲ್ಲ. ಉಸಿರು ಎಳೆದಾಗ ತುಸು ವೇಗ, ಬಿಟ್ಟಾಗ ತುಸು ನಿಧಾನ. ಈ ಸಣ್ಣ ವ್ಯತ್ಯಾಸವೇ ಬ್ರೇಕು ಚೆನ್ನಾಗಿದೆ ಎಂಬುದರ ಗುರುತು. ಬೈಪೋಲಾರ್ ರೋಗಿಗಳಲ್ಲಿ ಸರಾಸರಿಯಾಗಿ ಈ ವ್ಯತ್ಯಾಸ ಕಡಿಮೆಯೆಂದೂ ಕಾರ್ಟಿಸಾಲ್ ಹೆಚ್ಚೆಂದೂ ಅನೇಕ ಅಧ್ಯಯನಗಳು ಹೇಳಿವೆ. ಆದರೆ ವಯಸ್ಸು, ಔಷಧಿ ಮತ್ತು ರೋಗದ ಹಂತಕ್ಕೆ ತಕ್ಕಂತೆ ಈ ಅಳತೆಗಳು ಬದಲಾಗುತ್ತವೆ. ಆದ್ದರಿಂದ ರಕ್ತ ಪರೀಕ್ಷೆಯಿಂದಲೋ ಸ್ಕ್ಯಾನಿಂಗ್‌ನಿಂದಲೋ ಬೈಪೋಲಾರ್ ಕಾಯಿಲೆಯನ್ನು ಖಚಿತಪಡಿಸುವ ವಿಧಾನ ಇನ್ನೂ ಬಂದಿಲ್ಲ. ವೈದ್ಯರು ರೋಗಿಯ ಮತ್ತು ಮನೆಯವರ ವಿವರಣೆಯನ್ನೇ ಅವಲಂಬಿಸುತ್ತಾರೆ. ಉನ್ಮಾದದಲ್ಲಿರುವವನು ತಾನು ಹಿಂದೆಂದೂ ಇಷ್ಟು ಆರೋಗ್ಯವಾಗಿರಲಿಲ್ಲವೆಂದೇ ಹೇಳುತ್ತಾನೆ. ಹಾಗಾದರೆ ನಿಜವನ್ನು ಹೇಳುವವರು ಯಾರು? ಅವನ ದೇಹ. ಅದನ್ನು ಓದಬಲ್ಲವರು ಯಾರು? ಒಂದೇ ಸೂರಿನಡಿ ಬದುಕುವ ಮನೆಮಂದಿ.

ನಾವು ಓದುತ್ತಿರುವುದೇನು?

ದುರದೃಷ್ಟವಶಾತ್ ನಮ್ಮ ಓದು ತಪ್ಪಾಗಿದೆ. ಖಿನ್ನತೆಯ ಭಾರವನ್ನು ಸೋಮಾರಿತನವೆಂದು ಓದುತ್ತೇವೆ. ಬೆಳಗ್ಗಿನ ನಮಾಝಿಗೆ ಏಳಲಾಗದ ಯುವಕನನ್ನು ವಿಶ್ವಾಸ ಕುಗ್ಗಿದವನೆಂದು ಓದುತ್ತೇವೆ. ಉನ್ಮಾದದ ಆರಂಭದ ಉತ್ಸಾಹವನ್ನು "ಮಗ ಕೊನೆಗೂ ಸುಧಾರಿಸಿದ" ಎಂದು ಓದುತ್ತೇವೆ. ಅದು ಮಿತಿ ಮೀರಿದಾಗ ಜಿನ್ನು ಬಾಧೆಯೆಂದು ಓದುತ್ತೇವೆ. ರಾತ್ರಿಯೆಲ್ಲಾ ಮಂತ್ರಿಸುವವರ ಮುಂದೆ ಕೂರಿಸಿ, ಅವನಿಗೆ ಎಲ್ಲಕ್ಕಿಂತ ಹೆಚ್ಚು ಬೇಕಾಗಿದ್ದ ನಿದ್ದೆಯನ್ನೇ ಕಸಿದುಕೊಳ್ಳುತ್ತೇವೆ.

ಪ್ರಾರ್ಥನೆ ಬೇಡವೆಂದು ನಾವು ಹೇಳುತ್ತಿಲ್ಲ. ರೋಗಿಗಾಗಿ ಪ್ರಾರ್ಥಿಸುವುದೂ ರೋಗಿಗೆ ಔಷಧಿ ಮಾಡಿಸುವುದೂ ಪ್ರವಾದಿವರ್ಯರು(ಸ) ಕಲಿಸಿದ ದಾರಿಯೇ ಆಗಿದೆ. ಒಂದನ್ನು ಹಿಡಿದು ಇನ್ನೊಂದನ್ನು ಬಿಡುವುದು ಧರ್ಮನಿಷ್ಠೆಯಲ್ಲ.

ಈ ತಪ್ಪು ಓದು ಎಲ್ಲಿಗೆ ಮುಟ್ಟಬಹುದು ಎಂಬುದಕ್ಕೆ ತಮಿಳುನಾಡಿನ ಏರ್ವಾಡಿ ಸಾಕ್ಷಿ. ಮನೋರೋಗ ಗುಣವಾಗುತ್ತದೆಂಬ ನಂಬಿಕೆಯಿಂದ ನಾನಾ ಧರ್ಮದ ಕುಟುಂಬಗಳು ತಮ್ಮವರನ್ನು ಅಲ್ಲಿನ ದರ್ಗಾದ ಬಳಿ ತಂದು ಬಿಡುತ್ತಿದ್ದವು. ಸುತ್ತಮುತ್ತ ಖಾಸಗಿ ಕೇಂದ್ರಗಳು ಹುಟ್ಟಿಕೊಂಡಿದ್ದವು. 2001ರ ಆಗಸ್ಟ್ 6ರ ಮುಂಜಾನೆ ಅಂಥದೊಂದು ಕೇಂದ್ರಕ್ಕೆ ಬೆಂಕಿ ಬಿತ್ತು. ಸರಪಳಿಯಿಂದ ಕಟ್ಟಿಹಾಕಿದ್ದವರು ಓಡಲಾಗದೆ ಸುಟ್ಟುಹೋದರು. ಸತ್ತವರು 28 ಮಂದಿ. ಸುಪ್ರೀಂ ಕೋರ್ಟು ಸ್ವಯಂಪ್ರೇರಿತವಾಗಿ ಪ್ರಕರಣವನ್ನು ಕೈಗೆತ್ತಿಕೊಂಡಿತು. ಮನೋರೋಗಿಯನ್ನು ಸರಪಳಿಯಲ್ಲಿ ಕಟ್ಟುವುದನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಸ್ಪಷ್ಟವಾಗಿ ನಿಷೇಧಿಸಿದೆ. ಆದರೆ ಕಬ್ಬಿಣದ ಸರಪಳಿಯನ್ನು ಕಾನೂನು ಬಿಚ್ಚಬಲ್ಲದೇ ಹೊರತು ಅಪಮಾನದ ಸರಪಳಿಯನ್ನಲ್ಲ. ಅದನ್ನು ಮನೆಗಳೇ ಬಿಚ್ಚಬೇಕು.

ನಿದ್ದೆ ಎಂಬ ಮೊದಲ ಸಾಕ್ಷಿ

ದೇಹದ ಎಲ್ಲ ಸಾಕ್ಷಿಗಳಲ್ಲಿ ನಿದ್ದೆಗೆ ಮೊದಲ ಸ್ಥಾನ. ನಿದ್ದೆ ಕಡಿಮೆಯಾಗುವುದು ಉನ್ಮಾದದ ಲಕ್ಷಣ ಮಾತ್ರವಲ್ಲ, ಕಾರಣವೂ ಹೌದು. ಶೋಕ, ಪ್ರಯಾಣ, ಹೆರಿಗೆ, ಔಷಧಿ ಮುಂತಾದ ನಾನಾ ಪ್ರಚೋದನೆಗಳು ನಿದ್ದೆಗೆಡಿಸುವ ಮೂಲಕವೇ ಉನ್ಮಾದವನ್ನು ಹುಟ್ಟಿಸಬಹುದೆಂದು ಅಮೆರಿಕದ ಥಾಮಸ್ ವೇರ್ ಮತ್ತು ಸಂಗಡಿಗರು 1987ರಲ್ಲಿ ಪ್ರತಿಪಾದಿಸಿದರು. ಏಳುವ, ಉಣ್ಣುವ, ಮಲಗುವ ಹೊತ್ತನ್ನು ಕ್ರಮಬದ್ಧಗೊಳಿಸುವ ಚಿಕಿತ್ಸಾ ಕ್ರಮವನ್ನು ಪಿಟ್ಸ್‌ಬರ್ಗ್‌ನ ಎಲೆನ್ ಫ್ರ್ಯಾಂಕ್ ರೂಪಿಸಿದರು. ಔಷಧಿಯ ಜೊತೆಗೆ ರೋಗ ತೀವ್ರವಿದ್ದ ಹಂತದಲ್ಲಿಯೇ ಈ ಚಿಕಿತ್ಸೆ ಪಡೆದವರು ಮತ್ತೆ ಕಾಯಿಲೆ ಮರುಕಳಿಸದೆ ಹೆಚ್ಚು ಕಾಲ ಉಳಿದರೆಂಬುದನ್ನು ಅವರ ತಂಡ 2005ರಲ್ಲಿ ವರದಿ ಮಾಡಿತು.

ಇದನ್ನು ನಮ್ಮ ಬದುಕಿಗೆ ಹೊಂದಿಸಿ ನೋಡಿರಿ. ನಮ್ಮ ಮದುವೆಗಳಲ್ಲಿ ಎರಡು ಮೂರು ರಾತ್ರಿ ಯಾರೂ ಮಲಗುವುದಿಲ್ಲ. ಬೈಪೋಲಾರ್ ಇರುವವರಿಗೆ ಅಷ್ಟೇ ಸಾಕು. ಅಂಥವರನ್ನು ಹತ್ತು ಗಂಟೆಗೆ ಮಲಗಲು ಕಳುಹಿಸುವುದು ಮನೆಯವರ ಹೊಣೆ.

ಹೆರಿಗೆಯ ಮಾತನ್ನು ತಾಯಂದಿರು ವಿಶೇಷವಾಗಿ ಕೇಳಬೇಕು. ಹಳೆಯ ಕಾಲದವರು ಬಾಣಂತಿ ಸನ್ನಿ ಎಂದು ಕರೆಯುತ್ತಿದ್ದ ಸ್ಥಿತಿ ಸಾವಿರ ಹೆರಿಗೆಗಳಲ್ಲಿ ಒಂದೆರಡರಲ್ಲಿ ಕಾಣಿಸುತ್ತದೆ. ಬೈಪೋಲಾರ್ ಇರುವ ಮಹಿಳೆಯರಲ್ಲಿ ಅದರ ಅಪಾಯ ಬಹಳ ಹೆಚ್ಚು. ಹೆಚ್ಚಾಗಿ ಮೊದಲ ಎರಡು ವಾರಗಳಲ್ಲಿ ಆರಂಭವಾಗುತ್ತದೆ. ಮಗು ಮಲಗಿದಾಗಲೂ ಬಾಣಂತಿಗೆ ನಿದ್ದೆ ಬಾರದಿದ್ದರೆ, ಮಾತು ಅಸಂಬದ್ಧವಾದರೆ ಅದು ತುರ್ತು ಪರಿಸ್ಥಿತಿ. ದೃಷ್ಟಿ ತೆಗೆಯುತ್ತಾ ನಲವತ್ತು ದಿನ ಕಾಯುವಂತಿಲ್ಲ. ಕೆಲವು ಔಷಧಿಗಳು, ಮುಖ್ಯವಾಗಿ ವ್ಯಾಲ್ಪ್ರೊಯೇಟ್, ಗರ್ಭದ ಶಿಶುವಿಗೆ ಹಾನಿ ಮಾಡಬಲ್ಲವು. ಆದ್ದರಿಂದ ಗರ್ಭ ಧರಿಸುವ ಮೊದಲೇ ವೈದ್ಯರ ಸಲಹೆ ಪಡೆಯಬೇಕು. ಮದುವೆಯ ಮುನ್ನ ಕಾಯಿಲೆಯನ್ನು ಮುಚ್ಚಿಟ್ಟರೆ ಈ ಸಲಹೆಗೆ ದಾರಿಯೇ ಇರುವುದಿಲ್ಲ.

ಇನ್ನು ರಮಝಾನ್. ಸಹರಿಗೆ ಏಳುವುದು, ತರಾವೀಹ್‌ಗೆ ನಿಲ್ಲುವುದು, ತಡರಾತ್ರಿಯ ಓಡಾಟ, ಹೀಗೆ ಒಂದು ತಿಂಗಳು ನಿದ್ದೆಯ ಮತ್ತು ಊಟದ ಹೊತ್ತು ಪೂರ್ತಿ ಬದಲಾಗುತ್ತದೆ. ಮೊರೊಕ್ಕೋದ ಕಾಸಾಬ್ಲಾಂಕಾದ ವೈದ್ಯರು ಲಿಥಿಯಂ ಸೇವಿಸುತ್ತಿದ್ದ 20 ರೋಗಿಗಳನ್ನು ರಮಝಾನ್‌ನಲ್ಲಿ ಗಮನಿಸಿ 2000ದಲ್ಲಿ ವರದಿ ಪ್ರಕಟಿಸಿದರು. ಶೇ. 45 ಮಂದಿಗೆ ಕಾಯಿಲೆ ಮರುಕಳಿಸಿತ್ತು. ಅದರಲ್ಲಿ ಹೆಚ್ಚಿನವು ಉನ್ಮಾದ. ರಕ್ತದಲ್ಲಿನ ಔಷಧಿಯ ಮಟ್ಟಕ್ಕೂ ಇದಕ್ಕೂ ಸಂಬಂಧ ಕಾಣಲಿಲ್ಲ. ದಿನಚರಿಯ ಲಯ ತಪ್ಪಿದ್ದೇ ಕಾರಣವಿರಬಹುದೇ ಎಂಬ ಪ್ರಶ್ನೆಯನ್ನು ಅವರು ಮುಂದಿಟ್ಟರು. ಪಾಕಿಸ್ತಾನದ ಪೇಶಾವರದಲ್ಲಿ 62 ರೋಗಿಗಳ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನ ಬೇರೆಯೇ ಚಿತ್ರ ನೀಡಿತು. ಅಲ್ಲಿ ಲಿಥಿಯಂ ಮಟ್ಟ ಗಣನೀಯವಾಗಿ ಬದಲಾಗಲಿಲ್ಲ, ರೋಗಿಗಳ ಮನಃಸ್ಥಿತಿಯೂ ಕೆಡಲಿಲ್ಲ. ಎರಡೂ ಸಣ್ಣ ಅಧ್ಯಯನಗಳು. ಎಲ್ಲರಿಗೂ ಒಂದೇ ತೀರ್ಪು ಸಾಧ್ಯವಿಲ್ಲ, ಪ್ರತಿಯೊಬ್ಬ ರೋಗಿಯೂ ರಮಝಾನ್‌ಗೆ ಮುಂಚೆಯೇ ತನ್ನ ವೈದ್ಯರನ್ನು ಕೇಳಬೇಕೆಂಬುದೇ ಇದರ ಪಾಠ. ವೈದ್ಯರು ಬೇಡವೆಂದರೆ ಬೇಡ. ರೋಗಿಗೆ ಉಪವಾಸದಿಂದ ರಿಯಾಯಿತಿಯನ್ನು ಪವಿತ್ರ ಕುರ್‌ಆನ್ ಸ್ವತಃ ನೀಡಿರುವಾಗ, ಅದನ್ನು ಬಳಸಿದವನನ್ನು ನೋಡಿ ಮೂಗು ಮುರಿಯಲು ನಾವು ಯಾರು?

ಔಷಧಿ ಮತ್ತು ಎಚ್ಚರ

ಆಸ್ಟ್ರೇಲಿಯಾದ ವೈದ್ಯ ಜಾನ್ ಕೇಡ್ 1949ರಲ್ಲಿ ಉನ್ಮಾದದ 10 ರೋಗಿಗಳಿಗೆ ಲಿಥಿಯಂ ಲವಣ ನೀಡಿ ಕಂಡ ಫಲವನ್ನು ಪ್ರಕಟಿಸಿದರು. ಒಂದು ಸಾಮಾನ್ಯ ಲವಣ ಮನಸ್ಸಿನ ಬಿರುಗಾಳಿಯನ್ನು ತಣಿಸಬಲ್ಲದೆಂಬ ಆ ಸಂಗತಿಯೇ ಈ ಕಾಯಿಲೆಯ ಬೇರು ದೇಹದಲ್ಲಿಯೂ ಇದೆಯೆಂದು ಸಾರುತ್ತದೆ. ಇಂದಿಗೂ ಲಿಥಿಯಂ ಪ್ರಮುಖ ಔಷಧಿಯಾಗಿ ಉಳಿದಿದೆ. ಇತರ ಔಷಧಿಗಳೂ ಇವೆ.

ಲಿಥಿಯಂನಲ್ಲಿ ಗುಣ ನೀಡುವ ಪ್ರಮಾಣಕ್ಕೂ ವಿಷವಾಗುವ ಪ್ರಮಾಣಕ್ಕೂ ಅಂತರ ಕಡಿಮೆ. ರಕ್ತದಲ್ಲಿ ಸಾಮಾನ್ಯವಾಗಿ ಲೀಟರಿಗೆ 0.6ರಿಂದ 1.0 ಮಿಲಿಮೋಲ್ ಮಟ್ಟವನ್ನು ಕಾಪಾಡಲಾಗುತ್ತದೆ. ಕೊನೆಯ ಮಾತ್ರೆ ನುಂಗಿ 12 ಗಂಟೆಗಳ ಬಳಿಕ ರಕ್ತ ಪರೀಕ್ಷಿಸಬೇಕು. ಥೈರಾಯ್ಡ್ ಮತ್ತು ಮೂತ್ರಪಿಂಡಗಳ ಪರೀಕ್ಷೆಯೂ ಕಾಲಕಾಲಕ್ಕೆ ಆಗಬೇಕು. ವಾಂತಿ ಭೇದಿಯಾದಾಗ, ಬೇಸಿಗೆಯಲ್ಲಿ ವಿಪರೀತ ಬೆವರಿದಾಗ, ಊಟದಲ್ಲಿ ಒಮ್ಮೆಲೆ ಉಪ್ಪು ಬಿಟ್ಟಾಗ ಔಷಧಿ ರಕ್ತದಲ್ಲಿ ಏರುತ್ತದೆ. ಅಂಗಡಿಯಲ್ಲಿ ಚೀಟಿಯಿಲ್ಲದೆ ಸಿಗುವ ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂತಹ ನೋವಿನ ಮಾತ್ರೆಗಳಿಂದಲೂ ಏರುತ್ತದೆ. ಕೈ ಜೋರಾಗಿ ನಡುಗುವುದು, ನಡಿಗೆ ತಪ್ಪುವುದು, ಮಾತು ತೊದಲುವುದು, ವಾಂತಿ ಭೇದಿ, ಇವು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಹಾಗೆಯೇ "ಈಗ ಸರಿಯಾಗಿದ್ದಾನೆ, ಇನ್ನೇಕೆ ಮಾತ್ರೆ?" ಎಂದು ಒಮ್ಮೆಲೆ ನಿಲ್ಲಿಸುವುದು ಕಾಯಿಲೆಯನ್ನು ಕೈಬೀಸಿ ಕರೆದಂತೆ. ಸರಿಯಾಗಿರುವುದು ಮಾತ್ರೆಯಿಂದಲೇ ಅಲ್ಲವೇ?

ಸರಕಾರ ಮತ್ತು ಸಮುದಾಯ

ಬೈಪೋಲಾರ್ ರೋಗಿಗಳು ಸರಾಸರಿಯಾಗಿ ಇತರರಿಗಿಂತ ಹತ್ತಕ್ಕೂ ಹೆಚ್ಚು ವರ್ಷ ಮೊದಲೇ ಸಾಯುತ್ತಾರೆ. ಆತ್ಮಹತ್ಯೆ ಅದಕ್ಕೊಂದು ಕಾರಣ. ಆದರೆ ಹೃದ್ರೋಗ ಮತ್ತು ಅದರಂತಹ ದೇಹದ ಕಾಯಿಲೆಗಳ ಪಾಲು ದೊಡ್ಡದು. ವರ್ಷಗಟ್ಟಲೆ ಹದ ತಪ್ಪಿದ ನರಮಂಡಲ, ಕೆಟ್ಟ ನಿದ್ದೆ, ಧೂಮಪಾನ, ಕೆಲವು ಔಷಧಿಗಳಿಂದ ಏರುವ ತೂಕ, ಎಲ್ಲವೂ ಕೊನೆಗೆ ಹೃದಯದ ಮೇಲೆ ಬೀಳುತ್ತವೆ. "ಮನೋರೋಗಿ" ಎಂಬ ಹಣೆಪಟ್ಟಿ ಬಿದ್ದ ಬಳಿಕ ಎದೆನೋವು ಎಂದರೂ ಯಾರೂ ಕಿವಿಗೊಡುವುದಿಲ್ಲ. ಆದ್ದರಿಂದ ರಕ್ತದೊತ್ತಡ, ಸಕ್ಕರೆ, ಕೊಬ್ಬಿನಂಶಗಳ ತಪಾಸಣೆ ಇವರಿಗೆ ಇತರರಿಗಿಂತ ಹೆಚ್ಚು ಅಗತ್ಯ.

ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ಬೈಪೋಲಾರ್ ರೋಗಿಗಳಲ್ಲಿ ಸುಮಾರು ಶೇ. 70 ಮಂದಿಗೆ ಚಿಕಿತ್ಸೆ ಸಿಗುತ್ತಿರಲಿಲ್ಲ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮಾದರಿ ರೂಪುಗೊಂಡದ್ದೇ ನಮ್ಮ ರಾಜ್ಯದ ಬಳ್ಳಾರಿಯಲ್ಲಿ, 1985ರಲ್ಲಿ. ಅದನ್ನು 1996ರಲ್ಲಿ ಕೇಂದ್ರ ಸರಕಾರ ದೇಶಕ್ಕೆ ವಿಸ್ತರಿಸಲು ಆರಂಭಿಸಿತು. ದೇಶಕ್ಕೆ ದಾರಿ ತೋರಿಸಿದ ರಾಜ್ಯದವರು ತಾಲೂಕು ಆಸ್ಪತ್ರೆಯಲ್ಲಿ ಮಾತ್ರೆ ಇದೆಯೇ, ಮನೋವೈದ್ಯರು ಬರುತ್ತಾರೆಯೇ ಎಂದು ಕೇಳುವುದು ಬೇಡವೇ? ರಸ್ತೆಗಾಗಿ, ದೀಪಕ್ಕಾಗಿ ಮನವಿ ಕೊಡುವ ನಮ್ಮ ಸಂಘಟನೆಗಳು ಇದಕ್ಕಾಗಿ ಎಷ್ಟು ಮನವಿ ಕೊಟ್ಟಿವೆ? ಮಾನಸಿಕ ಆರೋಗ್ಯ ಸೇವೆಯನ್ನು 2017ರ ಕಾಯ್ದೆ ಹಕ್ಕೆಂದು ಘೋಷಿಸಿದೆ. ಇತರ ಕಾಯಿಲೆಗಳಂತೆಯೇ ಮನೋರೋಗಕ್ಕೂ ವಿಮೆ ನೀಡಬೇಕೆಂದು ವಿಧಿಸಿದೆ. ಕೇಳದ ಹಕ್ಕು ಕಾಗದದಲ್ಲಿಯೇ ಉಳಿಯುತ್ತದೆ.

ಮನೆಮಂದಿ ಏನು ಮಾಡಬೇಕು?

ಮೊದಲನೆಯದಾಗಿ, ಒಂದು ನೋಟ್‌ಬುಕ್ ಇಡಿರಿ. ದಿನಕ್ಕೆ ಒಂದೇ ಸಾಲು ಸಾಕು. ಎಷ್ಟು ಗಂಟೆ ನಿದ್ದೆ, ಊಟ ಹೇಗಿತ್ತು, ಮಾತು ವೇಗವೋ ನಿಧಾನವೋ, ಮಾತ್ರೆ ನುಂಗಿದ್ದಾರೋ ಇಲ್ಲವೋ. ಸಾಧ್ಯವಾದಷ್ಟು ಇದನ್ನು ರೋಗಿಯ ಒಪ್ಪಿಗೆಯಿಂದ, ಅವರ ಜೊತೆಯಲ್ಲಿಯೇ ಬರೆಯಿರಿ. ಇದು ಗೂಢಚರ್ಯೆಯಾಗಬಾರದು. ಎರಡು ರಾತ್ರಿ ನಿದ್ದೆ ತೀರಾ ಕಡಿಮೆಯಾಗಿಯೂ ದಣಿವಿಲ್ಲವೆಂದಾದರೆ ಮೂರನೆಯ ರಾತ್ರಿಗೆ ಕಾಯದೆ ವೈದ್ಯರನ್ನು ಸಂಪರ್ಕಿಸಿರಿ.

ಎರಡನೆಯದಾಗಿ, ಉನ್ಮಾದದಲ್ಲಿರುವವರೊಂದಿಗೆ ವಾದಿಸಬೇಡಿರಿ. ತಗ್ಗಿದ ಸ್ವರದಲ್ಲಿ ಸಣ್ಣ ಮಾತುಗಳನ್ನಾಡಿರಿ. ಮನೆಯಲ್ಲಿ ಬೆಳಕು, ಗದ್ದಲ, ನೆಂಟರ ಸಂಖ್ಯೆ ಕಡಿಮೆ ಮಾಡಿರಿ. ಹಣ, ವಾಹನದ ಕೀಲಿಕೈ ಯಾರ ಬಳಿ ಇರಬೇಕೆಂಬುದನ್ನು ರೋಗಿ ಆರೋಗ್ಯವಾಗಿರುವಾಗಲೇ ಮಾತಾಡಿ ತೀರ್ಮಾನಿಸಿರಿ.

ಮೂರನೆಯದಾಗಿ, ಖಿನ್ನತೆಯಲ್ಲಿರುವವರಿಗೆ ಉಪದೇಶದ ಮೂಟೆ ಹೊರಿಸಬೇಡಿರಿ. ಜೊತೆಗೆ ಕುಳಿತುಕೊಳ್ಳಿರಿ. ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ ಕೇಳಿರಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಮುಚ್ಚಿಟ್ಟ ಭಾರ ಇಳಿಯುತ್ತದೆ. ಹೌದೆಂದರೆ ಅವರನ್ನು ಒಂಟಿಯಾಗಿ ಬಿಡದೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ. ಕೇಂದ್ರ ಸರಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಕರೆ ಉಚಿತ. ಹೆಸರು ಹೇಳಲು ಸಂಕೋಚವಿರುವವರಿಗೂ ಈ ಬಾಗಿಲು ತೆರೆದಿದೆ.

ಕೊನೆಯದಾಗಿ ಮಸೀದಿಯ ಖತೀಬರಲ್ಲಿ ಮತ್ತು ಉಸ್ತಾದರಲ್ಲಿ ಒಂದು ವಿನಂತಿ. ಸಂಕಟದಲ್ಲಿರುವ ಕುಟುಂಬ ವೈದ್ಯರಿಗಿಂತ ಮೊದಲು ತಮ್ಮ ಬಾಗಿಲಿಗೆ ಬರುತ್ತದೆ. ತಾವು ಹೇಳುವ ಒಂದು ಮಾತಿಗೆ ನಾವು ಬರೆಯುವ ನೂರು ಲೇಖನಗಳ ತೂಕವಿದೆ. ಪ್ರಾರ್ಥಿಸಿ ಕಳುಹಿಸುವಾಗ "ಎಷ್ಟು ದಿನದಿಂದ ನಿದ್ದೆಯಿಲ್ಲ?" ಎಂದು ಒಮ್ಮೆ ಕೇಳಿರಿ. "ನಾಳೆ ಬೆಳಿಗ್ಗೆಯೇ ಆಸ್ಪತ್ರೆಗೆ ಹೋಗಿ, ಇದು ಕಾಯಿಲೆ, ಇದರಲ್ಲಿ ನಾಚಿಕೆಯಿಲ್ಲ" ಎಂದು ಹೇಳಿರಿ. ಎಷ್ಟೋ ಮನೆಗಳಲ್ಲಿ ಆ ಒಂದು ಮಾತಿನಿಂದ ಚಿಕಿತ್ಸೆ ಆರಂಭವಾದೀತು.

ರೋಗಿಗಳಿಗೆ ಶಮನವನ್ನೂ ಅವರನ್ನು ನೋಡಿಕೊಳ್ಳುವವರಿಗೆ ಸಹನೆಯನ್ನೂ ಅಲ್ಲಾಹನು ದಯಪಾಲಿಸಲಿ.